ಅರ್ಧ ಅಳತೆ

"ಇದೆಲ್ಲಿಗೆ ಹೊರಟಿತಪ್ಪಾ ಇಷ್ಟೆತ್ತರ?"

ಪಟ್ಟಿಯಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಯಂತ್ರದ ಬಾಯಿಂದ ಇಷ್ಟಿಷ್ಟೇ ಹೊರಬರುತ್ತಿದ್ದ ಚೌಕುಳಿ ಕಾಗದವನ್ನು ಎಡಗೈಯಲ್ಲಿ ಆನಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ತನ್ನಷ್ಟಕ್ಕೆ ತಾನು ಆಡಿದ ಮಾತು ಅದು. ವರ್ಷಗಟ್ಟಲೆ ಆ ಕೋಣೆಯಲ್ಲಿ ಒಬ್ಬಳೇ ದುಡಿದು ಅವಳಿಗೆ ಯಂತ್ರದ ಜೊತೆ ಮಾತಾಡುವ ಚಾಳಿ ಹತ್ತಿಬಿಟ್ಟಿತ್ತು. ಅಂಗಿ ಬಿಚ್ಚಿ ಮಲಗಿದವರು ಗಾಬರಿಯಾಗಿ ನನಗೇನಾದರೂ ಹೇಳಿದಿರಾ ಎಂದರೆ, ನಿಮಗಲ್ಲ, ಇದಕ್ಕೆ ಎಂದು ಯಂತ್ರದ ಕಡೆ ಗಲ್ಲ ತೋರಿಸುತ್ತಿದ್ದಳು. ಅವತ್ತು ಮಂಚದ ಮೇಲಿದ್ದವನು ಅವಳ ಒಡಹುಟ್ಟಿದ ತಮ್ಮ. ಕೇಳಿದ ಮಾತನ್ನು ಕೇಳದಂತೆ ಬಿಡುವ ಪೈಕಿಯೇ ಅಲ್ಲ ಅವನು.

"ಎಲ್ಲಿಗೆ ಅಂದ್ರೆ? ಡ್ಯೂಟಿಗೆ," ಎಂದ. "ದಿನಾ ಅಷ್ಟೆತ್ತರ ಕರ್ಕೊಂಡು ಹೋಗ್ತೀನಲ್ಲ, ಈಗ ನನ್ನ ಬಿಟ್ಟು ತಾನೊಂದೇ ಹೋಗಿ ಬರೋದು ಕಲ್ತಿರ್ಬೇಕು."

"ಬಾಯಿ ಮುಚ್ಕೊಂಡು ಮಲಗು. ನೀನು ನಕ್ಕರೆ ಗೆರೆ ನಡುಗುತ್ತೆ."

ಆಸ್ಪತ್ರೆಯ ನೆಲಮಹಡಿಯ ಉದ್ದನೆಯ ಓಣಿಯ ಕೊನೆಯಲ್ಲಿತ್ತು ಆ ಕೋಣೆ. ಒಂದು ಮಂಚ, ಒಂದು ಯಂತ್ರ, ಒಂದು ಕುರ್ಚಿ ಇಟ್ಟರೆ ತಿರುಗಿ ನಿಲ್ಲಲು ಜಾಗವಿಲ್ಲ. ಬಾಗಿಲಿಗೆ ಹಸಿರು ಪರದೆ. ಎತ್ತರದ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಕೊಳವೆ ಮತ್ತು ಅಂಗೈಯಗಲದ ಆಕಾಶ. ಎದೆಯ ಬಡಿತವನ್ನು ಪಟ್ಟಿಯಾಗಿ ಬರೆಸಿಕೊಡುವುದು ಅವಳ ಕೆಲಸವಾದ್ದರಿಂದ ಕಸ ಗುಡಿಸುವವಳಿಂದ ಹಿಡಿದು ಹಿರಿಯ ಡಾಕ್ಟರವರೆಗೆ ಎಲ್ಲರಿಗೂ ಅವಳು ಪಟ್ಟಿಯಮ್ಮ. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ವಾಸ. ಊಟ, ಮಾತು, ಮುನಿಸು ಎಲ್ಲ ಕೆಳಗೆ, ತಮ್ಮನ ಸಂಸಾರದ ಜೊತೆ.

ತಮ್ಮ ಕಟ್ಟಡ ಕಟ್ಟುವ ಕಡೆ ಕ್ರೇನ್ ನಡೆಸುತ್ತಿದ್ದ. ಲಾರಿಯ ಮೇಲೆ ಕೂರಿಸಿದ ಗಿಡ್ಡ ಕ್ರೇನಲ್ಲ, ಗೋಪುರದಂತೆ ನೆಟ್ಟಗೆ ನಿಂತದ್ದು. ಬೆಳಗ್ಗೆ ಕಬ್ಬಿಣದ ಏಣಿ ಹತ್ತಿ ತುದಿಯ ಗಾಜಿನ ಗೂಡಿನಲ್ಲಿ ಕೂತನೆಂದರೆ, ಕೆಳಗಿನವರ ಸೀಟಿಗೂ ಕೈಸನ್ನೆಗೂ ತಕ್ಕಂತೆ ಸರಳು, ಇಟ್ಟಿಗೆ, ಕಾಂಕ್ರೀಟಿನ ತೊಟ್ಟಿಗಳನ್ನು ಆಕಾಶದಲ್ಲಿ ಅತ್ತಿಂದಿತ್ತ ಸಾಗಿಸಬೇಕು. ನೆಲದ ಮೇಲೆ ನೋಡಿದರೆ ಹಂಚಿಕಡ್ಡಿಯಂಥ ಬಡಕಲು ಮನುಷ್ಯ. ಕೆಳಗಿದ್ದರೆ ನನ್ನ ಮಾತಿಗೆ ಮನೆಯ ಬೆಕ್ಕೂ ಜಾಗ ಬಿಟ್ಟು ಏಳುವುದಿಲ್ಲ, ಮೇಲೆ ಹೋಗಿ ಬೆರಳಾಡಿಸಿದರೆ ಗೋಡೆಗೋಡೆಯೇ ಎದ್ದು ನಡೆಯುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಆ ಗೂಡಿನ ಹೊರತು ಅವನಿಗೆ ಬೇರೆ ಹುಚ್ಚಿರಲಿಲ್ಲ. ರಜೆಯ ದಿನ ಕಾಲಿಗೆ ಮುಳ್ಳು ಚುಚ್ಚಿದವನಂತೆ ಮನೆಯೊಳಗೆ ಸುಳಿದಾಡುತ್ತಿದ್ದ.

ಅಂಥ ಕೆಲಸದವರ ತಪಾಸಣೆ ಕಾರ್ಡಿಗೆ ಎರಡು ವರ್ಷಕ್ಕೊಮ್ಮೆ ಡಾಕ್ಟರ ಸಹಿ ಬೀಳಬೇಕಿತ್ತು. ಅಲ್ಲಿಯವರೆಗೆ ಕಣ್ಣು, ಕಿವಿ, ನಾಡಿ ನೋಡಿ ಸಹಿ ಹಾಕುತ್ತಿದ್ದರು. ಎದೆಯ ಪಟ್ಟಿಯನ್ನೂ ತೆಗೆಸಿ ಕಾರ್ಡಿನೊಳಗೆ ಅಂಟಿಸಬೇಕೆಂಬ ನಿಯಮ ಆ ವರ್ಷ ಬಂತು. ಆದ್ದರಿಂದ ಮೊತ್ತಮೊದಲ ಸಲ ಅವನು ಅಕ್ಕನ ಮಂಚದ ಮೇಲೆ ಮಲಗಿದ್ದ, ರಬ್ಬರಿನ ಬಟ್ಟಲುಗಳು ಎದೆಯನ್ನು ಕಚ್ಚಿ ಹಿಡಿದಿದ್ದವು, ಅವಳು ಪಟ್ಟಿ ಹಿಡಿದು ಆ ಪ್ರಶ್ನೆ ಕೇಳಿದ್ದಳು.

ಗೆರೆ ನಿಜಕ್ಕೂ ಎತ್ತರ ಹೋಗಿತ್ತು. ಹೃದಯದ ಎಡಭಾಗದ ಕೆಳಕೋಣೆಯೇ ಮೈಯಿಡೀ ರಕ್ತ ನೂಕುವ ಕೋಣೆ. ರಕ್ತದೊತ್ತಡದಿಂದಲೋ ಹುಟ್ಟಿನೊಂದಿಗೆ ಬಂದ ಗುಣದಿಂದಲೋ ಅದರ ಗೋಡೆ ದಪ್ಪವಾಗತೊಡಗಿದರೆ ಪಟ್ಟಿಯ ಮೇಲೆ ಗೆರೆ ಬೆಳೆಯುತ್ತದೆ. ಎದೆಮೂಳೆಯ ಪಕ್ಕದ ಮೊದಲ ಬಟ್ಟಲಿನ ಗೆರೆ ಎಷ್ಟು ಆಳಕ್ಕಿಳಿದಿದೆ, ಎಡಪಕ್ಕೆಯ ಕಡೆಯ ಐದನೆಯದು ಎಷ್ಟು ಮೇಲೆದ್ದಿದೆ, ಎರಡನ್ನೂ ಕೂಡಿಸು, ಏಳು ದೊಡ್ಡ ಚೌಕ ದಾಟಿದರೆ ಅನುಮಾನ ಪಡು ಎಂದು ಹಿರಿಯ ಡಾಕ್ಟರು ಅವಳಿಗೆ ಹೇಳಿಕೊಟ್ಟಿದ್ದರು. ಅನುಮಾನವಷ್ಟೇ, ಬಡಕಲು ಎದೆಯವರದ್ದೂ ಹರೆಯದವರದ್ದೂ ಸುಮ್ಮಸುಮ್ಮನೆ ಎತ್ತರ ಬರುವುದುಂಟು. ಅದಕ್ಕೇ ಅವರು ಅಂಥವರನ್ನೆಲ್ಲ ಎಕೋ ಪರೀಕ್ಷೆಗೆ ಕಳಿಸುತ್ತಿದ್ದರು. ಪಟ್ಟಿಯದು ಗುಮಾನಿ, ಗೋಡೆ ಅಳೆಯುವುದು ಎಕೋ ಎನ್ನುವುದು ಅವರ ವಾಡಿಕೆಯ ಮಾತು.

ತಮ್ಮನದು ಕೂಡಿಸುವ ಅಗತ್ಯವೇ ಇರಲಿಲ್ಲ. ಒಂದು ಸಾಲಿನ ಶಿಖರ ಮೇಲಿನ ಸಾಲಿನೊಳಗೆ ನುಗ್ಗಿ, ಅದರ ಕಂದರ ಇದರ ಮೇಲೆ ಬಿದ್ದು, ಯಾವುದು ಯಾವುದರ ಗೆರೆ ಎಂದು ತಿಳಿಯದಂತೆ ಕಲಸಿಹೋಗಿತ್ತು. ಹಾಗಾದಾಗ ಮಾಡುವ ಕೆಲಸವನ್ನೇ ಅವಳು ಮಾಡಿದಳು. ಯಂತ್ರದಲ್ಲಿ ಅಳತೆಯನ್ನು ಅರ್ಧಕ್ಕೆ ಇಳಿಸುವ ಗುಂಡಿಯೊಂದಿದೆ. ಅದನ್ನೊತ್ತಿ ಮತ್ತೊಮ್ಮೆ ತೆಗೆದಳು. ಬೆಟ್ಟಗಳೆಲ್ಲ ದಿಬ್ಬಗಳಾಗಿ ಸಾಲುಸಾಲಾಗಿ ಅಚ್ಚುಕಟ್ಟಾಗಿ ಬಂದವು.

ಇದರಲ್ಲಿ ಮೋಸವಿಲ್ಲ. ಪಟ್ಟಿಯ ಶುರುವಿನಲ್ಲಿ ಯಂತ್ರ ತಾನಾಗಿಯೇ ಪುಟ್ಟ ಬಾಗಿಲಿನ ಚೌಕಟ್ಟಿನಂಥ ಒಂದು ಗುರುತು ಬರೆಯುತ್ತದೆ. ಬಾಗಿಲು ಎರಡು ದೊಡ್ಡ ಚೌಕದಷ್ಟು ಎತ್ತರವಿದ್ದರೆ ಪೂರ್ತಿ ಅಳತೆ. ಒಂದೇ ಚೌಕವಿದ್ದರೆ ಅರ್ಧ, ಓದುವವರು ಪ್ರತಿ ಗೆರೆಯನ್ನೂ ಮನಸ್ಸಿನಲ್ಲಿ ಇಮ್ಮಡಿ ಮಾಡಿಕೊಳ್ಳಬೇಕು. ಆದರೆ ಕಾರ್ಡು ಚಿಕ್ಕದು, ಪಟ್ಟಿ ಉದ್ದ. ಎರಡೂ ತುದಿ ಕತ್ತರಿಸಿ ಅಂಟಿಸುವುದು ಆ ಕೋಣೆಯ ರೂಢಿ. ಬಾಗಿಲಿನ ಗುರುತು ಕತ್ತರಿಗೆ ಸಿಕ್ಕಿ ಬುಟ್ಟಿಗೆ ಬೀಳುತ್ತಿತ್ತು. ಅದಕ್ಕೆ ಬದಲಾಗಿ, ಅರ್ಧ ಅಳತೆಯದು ಬಂದಾಗಲೆಲ್ಲ ಅವಳು ಕಾರ್ಡು ಹಿಡಿದು ಪಕ್ಕದ ಕೋಣೆಗೆ ತಾನೇ ಹೋಗಿ, ಡಾಕ್ಟ್ರೇ ಇದು ಅರ್ಧ ಎನ್ನುತ್ತಿದ್ದಳು. ಅವರು ಕತ್ತೆತ್ತದೆ ಹೂಂ ಎನ್ನುತ್ತಿದ್ದರು. ಎಷ್ಟೋ ವರ್ಷ ಆ ಒಂದು ಮಾತಿನ ಮೇಲೆಯೇ ಎಲ್ಲ ನಡೆದಿತ್ತು, ಒಂದು ದಿನವೂ ತಪ್ಪಿರಲಿಲ್ಲ.

ಅವತ್ತು ಹಿರಿಯ ಡಾಕ್ಟರು ರಜೆಯ ಮೇಲಿದ್ದರು. ಅವರ ಕುರ್ಚಿಯಲ್ಲಿ ಬದಲಿಗೆ ಬಂದ ಒಬ್ಬರು ಬೆವರೊರೆಸುತ್ತ ಕೂತಿದ್ದರು. ಹೊಸ ನಿಯಮದ ದೆಸೆಯಿಂದ ಓಣಿಯ ತುಂಬ ಕ್ರೇನಿನವರು, ಲಾರಿಯವರು ನೆರೆದಿದ್ದರು. ಪರದೆಯ ಕೆಳಗೆ ಬರೀ ಬೂಟುಗಳು. ಅಷ್ಟರಲ್ಲಿ ಎದೆನೋವಿನ ಮುದುಕಿಯೊಬ್ಬಳನ್ನು ತಳ್ಳುಗಾಡಿಯಲ್ಲಿ ತಂದು ಬಾಗಿಲಿಗೆ ಆನಿಸಿದರು. ಪಟ್ಟಿಯಮ್ಮ ತಮ್ಮನ ಕೈಗೆ ಕಾರ್ಡು ಕೊಟ್ಟು, ಇದು ಅರ್ಧ ಅಳತೆಯದು, ಹಾಗಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಎಕೋ ಮಾಡಿಸಲಿಕ್ಕೆ ಬರೆಯಬಹುದು ಎಂದಳು. ಬೇರೆ ಯಾರ ಕೈಯಲ್ಲೂ ಅವಳು ಆ ಮಾತನ್ನು ಕೊಟ್ಟು ಕಳಿಸಿದವಳಲ್ಲ. ಇವನು ಸ್ವಂತ ತಮ್ಮ, ಅದಕ್ಕೆ ಕೊಟ್ಟಳು.

"ಅರ್ಧ ಅಂದ್ರೆ?" ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದ.

"ಕಾಣ್ತಿರೋದರ ಎರಡರಷ್ಟು ನಿನ್ನೆದೆ ಬರೆದಿದೆ ಅಂತ. ಗೋಡೆ ದಪ್ಪ ಇದೆಯೋ ಏನೋ, ನೋಡ್ಬೇಕು."

"ಇದ್ರೆ?"

"ಇದ್ರೆ ಮಾತ್ರೆ ಕೊಡ್ತಾರೆ. ಏಣಿ ಹತ್ತೋದು ಬಿಡು ಅಂತಾರೆ."

ಅವನು ಕಾರ್ಡನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, ಪರದೆ ಸರಿಸಿ ಹೋದ.

ಸಂಜೆ ಮನೆಗೆ ಬಂದವಳೇ, ಡಾಕ್ಟರು ಏನೆಂದರು ಎಂದು ಕೇಳಿದಳು. ಏನಿಲ್ಲ ಎಂದರು, ಸಹಿ ಹಾಕಿದರು ಎಂದ. ಅರ್ಧ ಎಂದು ಹೇಳಿದೆಯಾ ಎಂದದ್ದಕ್ಕೆ, ಹೇಳದೆ ಇರುತ್ತೇನಾ ಅಕ್ಕ ಎಂದು ನಕ್ಕು ತಟ್ಟೆಯ ಕಡೆ ಬಗ್ಗಿದ. ಅವಳಿಗೆ ಸಮಾಧಾನವಾಯಿತು. ಸಮಾಧಾನ ಬೇಕಾಗಿತ್ತು, ಆಯಿತು. ಬಡಕಲು ಎದೆಯಲ್ಲವೇ, ಎತ್ತರ ಬರೆದಿರುತ್ತದೆ, ಡಾಕ್ಟರೂ ಹಾಗೇ ಎಣಿಸಿರಬೇಕು ಎಂದುಕೊಂಡಳು. ಆದರೂ ಮಲಗುವ ಮುಂಚೆ ದೇವರ ಮುಂದೆ ಕೂತಾಗ ಅಪ್ಪನ ನೆನಪು ಬಂದು ಬಾಯಲ್ಲಿದ್ದ ಸಾಲು ತಪ್ಪಿತು.

ಅಪ್ಪ ಪದ್ಯ ಓದುವವನು. ಹೊಟ್ಟೆಪಾಡಿಗೆ ಬಡಗಿ, ಸಂಜೆಯಾದರೆ ಓದು. ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು ಗೋಡೆಗೊರಗಿ ಕೂತು, ದೇವರ ಕಥೆಯ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದ. ಅಕ್ಕತಮ್ಮ ಎದುರಿಗೆ. ಸಾಲಿನ ಅರ್ಧಕ್ಕೆ ನಿಲ್ಲಿಸಿ ಮಕ್ಕಳ ಮುಖ ನೋಡುವುದು ಅವನ ಆಟ; ಉಳಿದರ್ಧವನ್ನು ಇಬ್ಬರೂ ಸೇರಿ ತುಂಬಬೇಕು. ಒಂದು ಸಂಜೆ ಹಾಗೇ ನಿಲ್ಲಿಸಿದ. ಮಕ್ಕಳು ತಪ್ಪಿಲ್ಲದೆ ಪೂರ್ತಿ ಮಾಡಿ, ಶಹಬ್ಬಾಸ್ ಎನ್ನುತ್ತಾನೆಂದು ಕಾದರು. ಅಪ್ಪನ ಗಲ್ಲ ಎದೆಗೆ ತಾಗಿತ್ತು. ತಲೆ ನರೆಯುವ ವಯಸ್ಸೂ ಆಗಿರಲಿಲ್ಲ. ಎದೆ ಹಿಡಿದುಕೊಂಡಿತು ಎಂದರು ಜನ. ಯಾಕೆ ಹಿಡಿಯಿತು ಎಂದು ನೋಡಲು ಆಗ ಅವರ ಪಾಲಿಗೆ ಪಟ್ಟಿಯೂ ಇರಲಿಲ್ಲ, ಎಕೋವೂ ಇರಲಿಲ್ಲ.

ಅಪ್ಪ ಬಿಟ್ಟುಹೋದದ್ದೆಂದರೆ ಕೇಳುವ ಕಿವಿ. ಬೆಳಗ್ಗೆ ಯಂತ್ರಕ್ಕೆ ಜೀವ ಕೊಡುವ ಮುನ್ನ ಅವಳು ಒಂದು ಸಲ ಕಣ್ಣು ಮುಚ್ಚಿ, ಯಾರೆದೆಯಾದರೂ ನಿನ್ನದೇ ತಂದೆ, ಇದ್ದದ್ದು ಇದ್ದ ಹಾಗೆ ಬರೆಸು ಎಂದು ಬೇಡಿಕೊಳ್ಳುತ್ತಿದ್ದಳು. ಆಮೇಲೆ ಕಣ್ಣಿಗಿಂತ ಮೊದಲು ಕಿವಿಗೊಟ್ಟು, ಸೂಜಿ ಕಾಗದದ ಮೇಲೆ ಕೆರೆಯುವ ಸದ್ದಿನಲ್ಲೇ ಲಯ ತಪ್ಪಿದ್ದನ್ನು ಹಿಡಿಯುತ್ತಿದ್ದಳು. ತಮ್ಮನ ಎದೆಯ ಲಯದಲ್ಲಿ ತಪ್ಪೇ ಇರಲಿಲ್ಲ. ಗಂಟಲು ಮಾತ್ರ ದೊಡ್ಡದು.

ಕಾರ್ಡಿನ ಎರಡು ವರ್ಷ ತುಂಬುವುದಕ್ಕೆ ಇನ್ನೂ ಸ್ವಲ್ಪ ಇತ್ತು. ಒಂದು ಮಧ್ಯಾಹ್ನ ತಮ್ಮ ಊಟಕ್ಕೆಂದು ಮೇಲಿನಿಂದ ಇಳಿದು ಬಂದ. ಏಣಿಯ ಬುಡದಲ್ಲಿ ಕೂತು ಹೆಲ್ಮೆಟ್ಟು ತೆಗೆದು ಮಗ್ಗುಲಲ್ಲಿಟ್ಟ. ಪಕ್ಕದವನು ನೀರಿನ ಬಾಟಲಿ ಚಾಚಿದರೆ, ತಡಿ ಎಂಬಂತೆ ಕೈ ಎತ್ತಿದನಂತೆ. ಆ ಕೈ ಹಾಗೇ ಮೆಲ್ಲಗೆ ತೊಡೆಯ ಮೇಲೆ ಇಳಿಯಿತಂತೆ. ಅಷ್ಟೆ. ಮೇಲೆ ಕೊಕ್ಕೆಯಲ್ಲಿ ಭಾರವೇನೂ ಇರಲಿಲ್ಲ, ಕೆಳಗೆ ಯಾರಿಗೂ ಏನೂ ಆಗಲಿಲ್ಲ. ಹೋಗುವಾಗಲೂ ಕೆಲಸ ಕೆಡಿಸದೆ ಹೋದ ಎಂದು ಅವನ ಜೊತೆಯವರು ಹೇಳಿಕೊಂಡು ಅತ್ತರು.

ಕೆಲಸದ ಜಾಗದ ಸಾವಾದ್ದರಿಂದ ಪೋಸ್ಟ್‌ಮಾರ್ಟಮ್ ಆಗಬೇಕಾಯಿತು. ಮಾರನೆಯ ವಾರ ಹಿರಿಯ ಡಾಕ್ಟರು ಪಟ್ಟಿಯಮ್ಮನನ್ನು ಕರೆದು ಬಾಗಿಲು ಹಾಕಿದರು. ಎಡಕೋಣೆಯ ಗೋಡೆ ಹೆಬ್ಬೆರಳಿಗಿಂತ ದಪ್ಪವಾಗಿತ್ತೆಂದು ತಿಳಿಸಿದರು. ನಿಮ್ಮಪ್ಪನದೂ ಇದೇ ಇರಬಹುದು, ನೀನೂ ತೆಗೆಸಿಕೋ, ಅವನ ಮಗಳದೂ ತೆಗೆಸು, ಈಗ ಚೆನ್ನಾಗಿದ್ದರೂ ಬೆಳೆಯುತ್ತ ಬರುವುದುಂಟು, ವರ್ಷಕ್ಕೊಮ್ಮೆ ತಪ್ಪಿಸಬೇಡ ಎಂದರು. ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಇದರಲ್ಲಿ ಪಟ್ಟಿ ಚೆನ್ನಾಗೇ ಇದೆಯಲ್ಲಮ್ಮ."

"ಅದು ಅರ್ಧ, ಡಾಕ್ಟ್ರೇ."

ಅವರು ಕನ್ನಡಕ ತೆಗೆದರು. "ಬಂದು ಹೇಳಲಿಲ್ವಾ?"

"ಅವನ ಕೈಲೇ ಹೇಳಿ ಕಳಿಸ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕನ್ನಡಕವನ್ನು ಒರೆಸುತ್ತಲೇ ಕೂತರು. ಅವಳು ಎದ್ದು ತನ್ನ ಕೋಣೆಗೆ ಬಂದು ಕತ್ತರಿಯನ್ನು ತೆಗೆದುಕೊಂಡು ಹೋಗಿ ಗುಮಾಸ್ತೆಯ ಮೇಜಿನ ಮೇಲಿಟ್ಟು ಬಂದಳು. ಆಮೇಲೆ ಆ ಕೋಣೆಗೆ ಕತ್ತರಿ ಬರಲಿಲ್ಲ. ಪಟ್ಟಿ ಎಷ್ಟುದ್ದವಿದ್ದರೂ ಬಾಗಿಲಿನ ಗುರುತು ಮೊದಲಿಗೇ ಕಾಣುವಂತೆ ಮಡಿಚಿ ಅಂಟಿಸುತ್ತಿದ್ದಳು. ಕಾರ್ಡುಗಳು ಉಬ್ಬಿ ಕಪಾಟಿನ ಬಾಗಿಲು ಮುಚ್ಚುವುದಿಲ್ಲ ಎಂದು ಗುಮಾಸ್ತೆ ಮೂಗು ಮುರಿದರೂ ಬಿಡಲಿಲ್ಲ.

ತಮ್ಮನ ಹೆಂಡತಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹೀಗೆ ಅರ್ಧ ಅಳತೆ, ಹೀಗೆ ಅವನ ಬಾಯಿಗೆ ಮಾತು ಕೊಟ್ಟೆ, ಹೇಳಿದೆ ಎಂದು ಅವನೂ ಅಂದ, ಆ ಬದಲಿ ಡಾಕ್ಟರು ಎಲ್ಲಿ ಹೋದರೋ ಈಗ ಕೇಳಲು ಸಿಗುವುದಿಲ್ಲ. ಸೊಪ್ಪು ಬಿಡಿಸುತ್ತಿದ್ದ ಅವನ ಹೆಂಡತಿ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕೊನೆಗೆ, "ಹೇಳಿದ ಮಾತು ಮರೆಯೋ ಅಭ್ಯಾಸ ಅವರಿಗಿರ್ಲಿಲ್ಲ ಅತ್ತಿಗೆ," ಎಂದಳು. ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ಆದರೆ ಪಟ್ಟಿಯಮ್ಮನಿಗೆ ಅರ್ಥವಾಯಿತು: ನೀನು ಹೇಳಿಯೇ ಇರಲಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಅವತ್ತಿನಿಂದ ಆ ಮನೆಯಲ್ಲಿ ಬಡಿಸುವುದು ನಿಲ್ಲಲಿಲ್ಲ, ಮಾತು ನಿಂತಿತು. ಬೇಕಾ, ಸಾಕಾ ಎನ್ನುವಷ್ಟಕ್ಕೆ ಬಂದು ನಿಂತಿತು. ಪಟ್ಟಿಯಮ್ಮ ತಟ್ಟೆ ತೊಳೆದಿಟ್ಟು ಮಹಡಿ ಹತ್ತಿ ಹೋಗುತ್ತಿದ್ದಳು. ನಾನು ನಿಜಕ್ಕೂ ಹೇಳಿದೆನಾ ಎಂದು ಕೆಲವೊಮ್ಮೆ ಅವಳಿಗೇ ಅನುಮಾನವಾಗುತ್ತಿತ್ತು. ತಳ್ಳುಗಾಡಿಯ ಮುದುಕಿಯ ಮುಖ ಕಣ್ಣಿಗೆ ಕಟ್ಟಿದಂತಿತ್ತು, ಪರದೆಯ ಕೆಳಗಿನ ಬೂಟುಗಳು ನೆನಪಿದ್ದವು. ತನ್ನ ಮಾತಿನ ದನಿ ಮಾತ್ರ ಬರಬರುತ್ತಾ ಮಸುಕಾಗುತ್ತಿತ್ತು.

ಮಾತು ನಿಲ್ಲಿಸದೆ ಉಳಿದವಳು ತಮ್ಮನ ಮಗಳೊಬ್ಬಳೇ. ಶಾಲೆ ಮುಗಿಸಿ, ಅಮ್ಮ ಬೇಡವೆಂದರೂ ಕೇಳದೆ, ಅಪ್ಪನಿದ್ದ ಕಂಪನಿಯನ್ನೇ ಸೇರಿದಳು. ಕ್ರೇನಿನ ಬುಡದಲ್ಲಿ ನಿಂತು ಮೇಲಿನವನಿಗೆ ಸೀಟಿ ಊದಿ ಸನ್ನೆ ಕೊಡುವ ಕೆಲಸ. ಊದೂದಿ ಹೆಸರೂ ಸೀಟಿ ಎಂದೇ ಆಯಿತು. ಮನೆಯಲ್ಲೂ ಅಮ್ಮ ಹಾಗೇ ಕರೆಯುವಷ್ಟಾಯಿತು. ಅಪ್ಪ ಸತ್ತ ವರ್ಷ ಅತ್ತೆ ಅವಳ ಪಟ್ಟಿ ತೆಗೆದಿದ್ದಳು, ಆಗ ಏನೂ ಇರಲಿಲ್ಲ. ಮುಂದಿನ ವರ್ಷದಿಂದ ಕರೆದಾಗಲೆಲ್ಲ, ಮುಂದಿನ ವಾರ ಅತ್ತೆ, ಎದೆ ಎಲ್ಲೂ ಓಡಿಹೋಗಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಪಟ್ಟಿಯಮ್ಮ ಬೈದಳು, ಬೇಡಿಕೊಂಡಳು, ಒಂದು ಸಲ ಊಟ ಬಿಟ್ಟಳು. ಬೆಳೆದ ಹುಡುಗಿಯ ಕೈ ಹಿಡಿದು ಎಳೆದು ತರುವುದು ಹೇಗೆ?

ಒಂದು ಬೆಳಗ್ಗೆ ಹುಡುಗಿ ಅವಳಾಗಿಯೇ ಹಸಿರು ಪರದೆ ಸರಿಸಿಕೊಂಡು ಬಂದು, ಹೊಸ ಕಾರ್ಡನ್ನು ಬೀಸಣಿಗೆಯಂತೆ ಮುಖದ ಮುಂದೆ ಆಡಿಸಿದಳು. ಮೇಲೆ ಕೂರುವ ಪರೀಕ್ಷೆ ಪಾಸಾಗಿತ್ತು. ಅಪ್ಪ ಕೂರುತ್ತಿದ್ದ ಅದೇ ಗೂಡು, ಅದೇ ಕುರ್ಚಿ. ಈಗ ಕೂರುವವನು ಬೇರೆ ಊರಿಗೆ ಹೊರಟಿದ್ದಾನೆ, ನಾಳಿದ್ದರೊಳಗೆ ಕಾರ್ಡು ಕೊಟ್ಟರೆ ಜಾಗ ತನ್ನದು ಎಂದು ಒಂದೇ ಉಸಿರಿಗೆ ಹೇಳಿದಳು. ಅಮ್ಮ ನಿನ್ನೆಯೆಲ್ಲ ಅತ್ತು, ಇವತ್ತು ಬೆಳಗ್ಗೆ ಅಕ್ಕಪಕ್ಕದ ಮನೆಗೆಲ್ಲ ಡಂಗುರ ಸಾರಿ ಬಂದಳಂತೆ.

"ಮಲಗು," ಎಂದಳು ಪಟ್ಟಿಯಮ್ಮ.

ಹುಡುಗಿಯ ಎದೆಯೂ ಅಪ್ಪನದರಂತೆ ಸಪೂರ. ಬಟ್ಟಲು ಕಚ್ಚಿಸಲು ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಎಣಿಸುವ ಅಗತ್ಯವೇ ಇಲ್ಲ, ಎಲ್ಲವೂ ಕಾಣುತ್ತಿತ್ತು. ಪಟ್ಟಿಯಮ್ಮ ಕಣ್ಣು ಮುಚ್ಚಿದಳು. ಪ್ರತಿದಿನದ ಬೇಡಿಕೆ ಬಾಯಿಗೆ ಬಂತು. ಇದ್ದದ್ದು ಇದ್ದ ಹಾಗೆ ಬರೆಸು ಎನ್ನುವ ಹೊತ್ತಿಗೆ ನಾಲಿಗೆ ಏಳಲಿಲ್ಲ. ಎಂದೂ ಹಾಗಾಗಿರಲಿಲ್ಲ. ಅರ್ಧಕ್ಕೇ ಬಿಟ್ಟು ಗುಂಡಿ ಒತ್ತಿದಳು.

ಕಿವಿಗೆ ಮೊದಲು ತಿಳಿಯಿತು. ಸೂಜಿ ಉದ್ದುದ್ದ ಕೆರೆಯುತ್ತಿತ್ತು, ಅವಳು ಬಲ್ಲ ಸದ್ದು, ಬಲ್ಲ ಲಯ. ಆಮೇಲೆ ಪಟ್ಟಿ ಬಂತು. ಶುರುವಿಗೆ ಎರಡು ಚೌಕದೆತ್ತರದ ಬಾಗಿಲು. ಅದರ ಹಿಂದೆಯೇ ಶಿಖರಗಳು, ಒಂದರ ಹೊಟ್ಟೆಗೆ ಒಂದು ತಿವಿಯುತ್ತ. ಶಿಖರದ ಬೆನ್ನಿಗೆ ಮೇಲೆದ್ದು ಬರಬೇಕಾದ ಸಣ್ಣ ಅಲೆ ಏಳಲಾರದೆ ಚಪ್ಪಟೆಯಾಗಿ ಕೆಳಗೆ ಜಗ್ಗತೊಡಗಿತ್ತು; ಬರೀ ಸಪೂರ ಎದೆಯದಾದರೆ ಹಾಗೆ ಜಗ್ಗುವುದಿಲ್ಲ.

"ಯಾಕತ್ತೆ, ಇವತ್ತು ಯಂತ್ರದ ಜೊತೆ ಮಾತು ಬಿಟ್ಟಿದ್ದೀರಾ?" ಎಂದಳು ಹುಡುಗಿ. ಕತ್ತು ಹೊರಳಿಸಿ ಅತ್ತೆಯ ಮುಖ ನೋಡಿದಳು. ಬಟ್ಟಲುಗಳನ್ನು ಒಂದೊಂದಾಗಿ ತಾನೇ ಕಿತ್ತುಕೊಂಡು ಎದ್ದು ಕೂತಳು. ಎದೆಯ ಮೇಲೆ ದುಂಡು ದುಂಡಾದ ಕೆಂಪು ಗುರುತುಗಳು ಉಳಿದಿದ್ದವು.

ಪಟ್ಟಿಯಮ್ಮ ಮೆತ್ತಗೆ ಹೇಳಿದಳು. ಸಪೂರ ಎದೆ, ಸುಮ್ಮನೆ ಎತ್ತರ ಬಂದಿರಬಹುದು; ಆದರೆ ಮನೆತನದಲ್ಲಿ ಎರಡು ಸಾವಾಗಿವೆ, ಎಕೋ ಆಗಲೇಬೇಕು. ಆದ ಮೇಲೆ ಮಾತ್ರೆ ಇವೆ, ಈಗ ಏನೇನೋ ಬಂದಿವೆ, ನಿನ್ನಪ್ಪನಿಗೆ ಸಿಗದದ್ದು ನಿನಗೆ ಸಿಗುತ್ತದೆ, ಕೂದಲು ನರೆಯುವ ತನಕ ಬದುಕಬಹುದು. ಹುಡುಗಿ ಎಲ್ಲ ಕೇಳಿದಳು. ಎಕೋಗೆ ಎಷ್ಟು ದಿನ ಕಾಯಬೇಕು ಎಂದಳು. ತಿಂಗಳ ಮೇಲಾಗಬಹುದು ಎಂದಳು ಅತ್ತೆ. ಗೋಡೆ ದಪ್ಪವಿದ್ದರೆ ಏಣಿ ಹತ್ತಬಹುದಾ ಎಂದಳು. ಅತ್ತೆ ಬಟ್ಟಲುಗಳನ್ನು ಒರೆಸತೊಡಗಿದಳು.

ಓಣಿಯಲ್ಲಿ ಯಾರೋ ಕೆಮ್ಮಿದರು. ಹುಡುಗಿ ಅಂಗಿ ಹಾಕಿಕೊಂಡು ಮಂಚದಿಂದ ಇಳಿದು ಯಂತ್ರದ ಹತ್ತಿರ ಬಂದಳು. ಗುಂಡಿಗಳನ್ನು ನೋಡುತ್ತಾ ನಿಂತಳು.

"ಅರ್ಧದ್ದು ಯಾವುದತ್ತೆ, ಇದಾ?"

ಪಟ್ಟಿಯಮ್ಮ ಗುಂಡಿಗಳಿಗೆ ಕೈ ಅಡ್ಡ ಹಿಡಿದಳು. "ನಿನಗ್ಯಾರು ಹೇಳಿದ್ರು ಅರ್ಧದ್ದು?"

"ಅಪ್ಪ."

ಹಾಗೆಂದವಳು ಅತ್ತೆಯ ಕಡೆ ತಿರುಗದೆ, ಯಂತ್ರಕ್ಕೇ ಹೇಳುವವಳಂತೆ ಹೇಳಿದಳು. ಒಂದು ರಜೆಯ ದಿನ ಅಪ್ಪ ಕಾವಲುಗಾರನ ಕೈಕಾಲು ಹಿಡಿದು ಅವಳನ್ನು ಮೇಲೆ ಕರೆದುಕೊಂಡು ಹೋಗಿದ್ದನಂತೆ. ಗಾಜಿನ ಗೂಡು. ಕಾಲ ಕೆಳಗೆ ಊರು. ಅಲ್ಲಿ ಕೂತು ನಗುತ್ತಾ ಹೇಳಿದನಂತೆ, ನಿಮ್ಮತ್ತೆ ಬೆಟ್ಟ ಕಡಿದು ದಿಬ್ಬ ಮಾಡಿಕೊಟ್ಟಳು, ಡಾಕ್ಟರಿಗೆ ಹೇಳು ಎಂದು ಮೂರು ಸಲ ಹೇಳಿದಳು ಎಂದು.

"ಅಪ್ಪ ಹೇಳ್ಲಿಲ್ಲ ಅತ್ತೆ. ಡಾಕ್ಟರ ಮೇಜಿನ ತನಕ ಹೋಗಿ, ಮಾತು ನಾಲಿಗೆ ತುದಿಗೆ ಬಂದಿತ್ತಂತೆ. ಹೇಳಿದ್ರೆ ಮತ್ತೆ ಮೇಲೆ ಬಿಡಲ್ಲ ಅನ್ನಿಸ್ತಂತೆ. ನುಂಗಿಬಿಟ್ರಂತೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

ಪಟ್ಟಿಯಮ್ಮ ಕುರ್ಚಿಯ ಬೆನ್ನು ಹಿಡಿದಳು, ಮೆಲ್ಲಗೆ ಕೂತಳು. ಇಷ್ಟು ವರ್ಷ ಅವಳು ಬೇಡಿಕೊಂಡದ್ದು ಈ ಮಾತನ್ನೇ. ಯಾರಾದರೂ ಬಂದು, ನೀನು ಹೇಳಿದ್ದೆ ಎನ್ನಲಿ ಎಂದು ದೇವರ ಮುಂದೆ ಎಷ್ಟು ಸಲ ಕಣ್ಣೀರಿಟ್ಟಿದ್ದಳೋ. ಈಗ ಬಂದಿತ್ತು. ಮೂರು ಸಲ ಹೇಳಿದ್ದಳಂತೆ. ಹಗುರಾಗುತ್ತದೆ ಎಂದುಕೊಂಡಿದ್ದ ಜಾಗದಲ್ಲಿ, ಮೇಜಿನ ಮುಂದೆ ಬಾಯಿ ಬಿಗಿದುಕೊಂಡು ನಿಂತ ತಮ್ಮ ಕಂಡ. ತಟ್ಟೆಯ ಕಡೆ ಬಗ್ಗಿ ನಕ್ಕ ತಮ್ಮ ಕಂಡ. ಪಾಪಿ, ಉಳಿದರ್ಧ ಹೇಳಬೇಕಾದವನು ನೀನಲ್ಲವೇನೋ ಎಂದು ಕೇಳೋಣವೆಂದರೆ ಅವನೆಲ್ಲಿ?

ಹುಡುಗಿ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಮೊಣಕಾಲ ಮೇಲೆ ಕೈಯಿಟ್ಟಳು. ಅಂಗೈ ಒರಟಾಗಿತ್ತು, ಕಬ್ಬಿಣದ ವಾಸನೆ.

"ಇವತ್ತೇ ಅಮ್ಮನಿಗೆ ಹೇಳ್ತೀನಿ ಅತ್ತೆ. ನೀವು ಹೇಳಿದ್ರಿ, ಅಪ್ಪನೇ ಮುಚ್ಚಿಟ್ರು ಅಂತ. ಆಣೆ ಮುರಿದ್ರೆ ಮುರೀಲಿ. ಅಮ್ಮ ನಿಮ್ಮ ಕೈ ಹಿಡ್ಕೊಂಡು ಅಳ್ತಾಳೆ, ನೋಡ್ತಿರಿ." ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಅಪ್ಪನಿಗೆ ಎರಡು ವರ್ಷ ಸಿಕ್ತು ಅತ್ತೆ. ಅವರು ಎಷ್ಟು ಖುಷಿಯಾಗಿದ್ರು ಅಂತ ನೀವೂ ನೋಡಿದ್ದೀರಿ. ನಂಗೂ ಅಷ್ಟೇ ಸಾಕು. ಆ ಕುರ್ಚಿ ಇನ್ನೊಂದ್ಸಲ ನಂಗೋಸ್ಕರ ಖಾಲಿ ಆಗಲ್ಲ. ಎರಡು ವರ್ಷ ಆದ್ಮೇಲೆ ನಾನೇ ಬಂದು ಮಲಗ್ತೀನಿ, ಎಕೋ ಅನ್ನಿ, ಮಾತ್ರೆ ಅನ್ನಿ, ಎಲ್ಲದಕ್ಕೂ ಹೂಂ ಅಂತೀನಿ. ಈಗ ಒಂದ್ಸಲ ಅರ್ಧ ಒತ್ತಿ. ಬಾಗಿಲನ್ನ ನಾನೇ ಹರಿದು ಹಾಕ್ತೀನಿ, ನಿಮ್ಮ ಕೈಗೆ ಪಾಪ ಬೇಡ."

ಪಟ್ಟಿಯಮ್ಮ ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡಳು. ಹುಡುಗಿಯ ಕಣ್ಣು ಪದ್ಯ ಓದುತ್ತಿದ್ದ ಅಜ್ಜನದೇ. ಅರ್ಧಕ್ಕೆ ನಿಲ್ಲಿಸಿದ ಸಾಲನ್ನು ತುಂಬಲಿ ಎಂದು ಕಾಯುವ ಕಣ್ಣು. ಮಣಿಕಟ್ಟಿನಲ್ಲಿ ನಾಡಿ ನೆಟ್ಟಗೆ, ಲಯ ತಪ್ಪದೆ, ದೊಡ್ಡದಾಗಿ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಮತ್ತೆ ಮಾತು ಹುಟ್ಟಬಹುದಾದದ್ದು, ತಮ್ಮನ ಹೆಂಡತಿ ಎದುರಿಗೆ ಕೂತು ಇನ್ನೊಂದು ತುತ್ತು ಹಾಕಿಕೊಳ್ಳಿ ಅತ್ತಿಗೆ ಎನ್ನಬಹುದಾದದ್ದು, ಎಲ್ಲವೂ ಒಂದು ಸಲ ಅವಳ ಕಣ್ಣ ಮುಂದೆ ಹಾದುಹೋಯಿತು. ಹೋಗಲಿ ಎಂದು ಬಿಟ್ಟಳು.

ಎದ್ದಳು. ಪೂರ್ತಿ ಅಳತೆಯ ಪಟ್ಟಿಯನ್ನು ಎರಡು ಚೌಕದ ಬಾಗಿಲು ಮೇಲೆ ಬರುವಂತೆ ಮಡಿಚಿದಳು, ಕಾರ್ಡಿನೊಳಗೆ ಅಂಟಿಸಿದಳು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಜ್ಜಿದಳು. ಹುಡುಗಿ ಕೈ ಚಾಚಿದಳು. ಅವಳು ಕೊಡಲಿಲ್ಲ. ಕಾರ್ಡನ್ನು ಎದೆಗೆ ಅವುಚಿಕೊಂಡು, ಡಾಕ್ಟರ ಕೋಣೆಗೆ ತಾನೇ ಹೋಗಲೆಂದು ಹಸಿರು ಪರದೆಗೆ ಕೈ ಹಾಕಿದಳು.

"ಅತ್ತೆ," ಎಂದಳು ಸೀಟಿ. "ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದ್ಸಲ."

"ಇಲ್ಲ," ಎಂದಳು ಪಟ್ಟಿಯಮ್ಮ. "ಒತ್ತೋದಿಲ್ಲ."